ಒಪ್ಪುವ ಕೋಟು

ಕನ್ನಡದಲ್ಲಿ ‘ಒಪ್ಪು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಸಮ್ಮತಿಸುವುದು ಒಂದು, ಚೆಲುವಾಗಿ ಹೊಂದಿ ಕಾಣುವುದು ಇನ್ನೊಂದು. ಬಟ್ಟೆಯಂಗಡಿಯ ಕನ್ನಡಿಯ ಮುಂದೆ ನಿಂತವನಿಗೆ ಜತೆಯಲ್ಲಿ ಬಂದವರು ‘ಇದು ನಿನಗೆ ಒಪ್ಪುತ್ತದೆ’ ಎಂದು ಹೇಳುವಾಗ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಕೂಡಿಕೊಂಡಿರುತ್ತವೆ. ಆದರೆ ಯಾರು ಯಾರನ್ನು ಒಪ್ಪಿದರು? ಬಟ್ಟೆ ಮೈಯನ್ನು ಒಪ್ಪಿತೋ, ಮೈ ಬಟ್ಟೆಯನ್ನು ಒಪ್ಪಿತೋ? ಕೋಟಿನ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ಪ್ರಶ್ನೆಯ ಚರಿತ್ರೆ.

ನಮ್ಮ ಪಂಚೆ ಸೀರೆಗಳಿಗೆ ಈ ತೊಡಕಿಲ್ಲ. ಅವು ಮಗ್ಗದಿಂದ ಇಳಿದಂತೆಯೇ ಮೈಗೆ ಬರುತ್ತವೆ; ಉಟ್ಟವರ ಕೈ ಪ್ರತಿದಿನವೂ ಹೊಸದಾಗಿ ನೆರಿಗೆ ಹಿಡಿದು ಅವನ್ನು ಒಪ್ಪಿಸಿಕೊಳ್ಳುತ್ತದೆ. ದಪ್ಪಗಾದರೆ ಸೆರಗು ಸ್ವಲ್ಪ ಗಿಡ್ಡವಾದೀತು, ಅಷ್ಟೆ. ಕೋಟು ಹಾಗಲ್ಲ. ಅದನ್ನು ಕತ್ತರಿಸಿ, ತುಂಡು ತುಂಡು ಮಾಡಿ, ಮತ್ತೆ ಕೂಡಿಸಿ ಒಂದು ಆಕಾರಕ್ಕೆ ತಂದ ಮೇಲೆ ಆ ಆಕಾರ ಮಾತು ಕೇಳುವುದಿಲ್ಲ. ಆದುದರಿಂದಲೇ ಅದರಲ್ಲಿ ಕಾಲು ಅಂಗುಲ, ಅರ್ಧ ಅಂಗುಲಗಳಿಗೆ ಇಷ್ಟು ಬೆಲೆ. ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿದ ಎರಡು ಕೋಟುಗಳಲ್ಲಿ ಒಂದು ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ. ಇನ್ನೊಂದು ಅವನನ್ನು ಎರವಲು ಬಟ್ಟೆ ತೊಟ್ಟವನಂತೆ ಮಾಡುತ್ತದೆ. ನೋಡುವವರಿಗೆ ವ್ಯತ್ಯಾಸ ಕಾಣುತ್ತದೆ; ಅದು ಎಲ್ಲಿದೆ ಎಂಬುದು ಕಾಣುವುದಿಲ್ಲ.

ಕೋಟಿನ ಕಥೆಯನ್ನು ಎಲ್ಲಿಂದಲಾದರೂ ಆರಂಭಿಸಬಹುದಾದರೂ 1666ನೆಯ ಇಸವಿಯ ಅಕ್ಟೋಬರು ಅನುಕೂಲವಾದ ಕಾಲ. ಲಂಡನ್ ನಗರ ಉರಿದು ಒಂದು ತಿಂಗಳಾಗಿತ್ತಷ್ಟೆ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ ತಾನು ಹೊಸ ಬಗೆಯ ಉಡುಪನ್ನು, ಅಂದರೆ ಉದ್ದನೆಯ ಒಳಗವುಚನ್ನು, ಬಳಕೆಗೆ ತರುವುದಾಗಿ ತನ್ನ ಮಂತ್ರಾಲೋಚನಾ ಸಭೆಯಲ್ಲಿ ಸಾರಿದ. ಸರದಾರರಿಗೆ ಇದರಿಂದ ಮಿತವ್ಯಯ ಕಲಿಸಿದಂತಾಗುತ್ತದೆ ಎಂಬುದು ನಿರೀಕ್ಷೆ. ಈ ಸಂಗತಿಯನ್ನು ಬರೆದಿಟ್ಟವನು ದಿನಚರಿಗಳಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್. ಅವನು ದರ್ಜಿಯ ಮಗ. ಬಟ್ಟೆಯ ವಿಷಯದಲ್ಲಿ ಅವನ ಕಣ್ಣು ಚುರುಕಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಒಳಗವುಚು, ಅದರ ಮೇಲೆ ಕೋಟು, ಕೆಳಗೆ ಚಲ್ಲಣ ಎಂಬ ಮೂರರ ಕೂಟ ಅಲ್ಲಿಂದ ಬೆಳೆದು ಬಂತು.

ಮಿತವ್ಯಯದ ಮಾತು ಹೆಚ್ಚು ಕಾಲ ನಿಲ್ಲಲಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಯೂರೋಪಿನ ಸಿರಿವಂತರ ಕೋಟು ರೇಷ್ಮೆಯದಾಯಿತು, ಮಖಮಲ್ಲಿನದಾಯಿತು, ಅಂಚಿನುದ್ದಕ್ಕೂ ಕಸೂತಿಯ ಬಳ್ಳಿ ಹಬ್ಬಿಸಿಕೊಂಡಿತು. ಆ ಕೋಟಿನ ಬೆಲೆ ಅದರ ಮೈಮೇಲೆ ಎದ್ದು ಕಾಣುತ್ತಿತ್ತು. ಆದರೂ ಅದರ ಗುಟ್ಟು ಕಸೂತಿಯಲ್ಲಿರಲಿಲ್ಲ, ಬೆನ್ನಿನಲ್ಲಿತ್ತು. ದರ್ಜಿಗಳು ಬೆನ್ನಿನ ಭಾಗವನ್ನು ಬೇಕೆಂದೇ ಇಕ್ಕಟ್ಟಾಗಿ ಕತ್ತರಿಸಿ, ತೋಳುಗಳನ್ನು ಹಿಂದಕ್ಕೆ ಸರಿಸಿ ಕೂಡಿಸುತ್ತಿದ್ದರು. ಅದನ್ನು ತೊಟ್ಟವನ ಭುಜಗಳು ತಾವಾಗಿಯೇ ಹಿಂದಕ್ಕೆ ಹೋಗುತ್ತಿದ್ದವು, ಎದೆ ಮುಂದೆ ಬರುತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ಕಾಣುವ ಸರದಾರರ ಗತ್ತಿಗೆ ವಂಶಗೌರವ ಎಷ್ಟು ಕಾರಣವೋ ಬೆನ್ನಿನ ಹೊಲಿಗೆಯೂ ಅಷ್ಟೇ ಕಾರಣ. ಅಲ್ಲಿ ಒಪ್ಪಬೇಕಾದದ್ದು ಮೈ. ಕೋಟು ಅಪ್ಪಣೆ ಮಾಡುತ್ತಿತ್ತು.

ಇದನ್ನು ತಿರುಗಿಸಿ ಹಾಕಿದ್ದು ಇಂಗ್ಲೆಂಡಿನ ಉಣ್ಣೆ. ಹಳ್ಳಿಯ ಜಮೀನುಗಳಲ್ಲಿ ಕುದುರೆ ಸವಾರಿ ಮಾಡುತ್ತಿದ್ದ ಇಂಗ್ಲಿಷ್ ಗೃಹಸ್ಥರಿಗೆ ರೇಷ್ಮೆಯಿಂದ ಪ್ರಯೋಜನವಿರಲಿಲ್ಲ. ಅವರು ಸಾದಾ ಉಣ್ಣೆಯ ಕೋಟು ತೊಟ್ಟರು. ಉಣ್ಣೆಗೆ ಒಂದು ಗುಣವುಂಟು. ಒದ್ದೆ ಮಾಡಿ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಅದನ್ನು ಒಂದು ಕಡೆ ಕುಗ್ಗಿಸಬಹುದು, ಇನ್ನೊಂದು ಕಡೆ ಹಿಗ್ಗಿಸಬಹುದು. ಆರಿದ ಮೇಲೆ ಆ ರೂಪದಲ್ಲೇ ನಿಲ್ಲುತ್ತದೆ. ರೇಷ್ಮೆ ಹೀಗೆ ಮಣಿಯದು. ಅಂದರೆ ಉಣ್ಣೆ ಕೈಗೆ ಬಂದ ದರ್ಜಿ ಬರಿಯ ಹೊಲಿಗೆಯವನಾಗಿ ಉಳಿಯಲಿಲ್ಲ. ಕುಂಬಾರನ ಹಾಗೆ, ಶಿಲ್ಪಿಯ ಹಾಗೆ ಆಕಾರ ಕೊಡುವವನಾದ. ಅದೇ ಸುಮಾರಿನಲ್ಲಿ, 1807ರಲ್ಲಿ, ಎಲ್ಗಿನ್ ಪ್ರಭು ಅಥೆನ್ಸಿನಿಂದ ಸಾಗಿಸಿ ತಂದ ಗ್ರೀಕ್ ಶಿಲ್ಪಗಳು ಲಂಡನ್ನಿನಲ್ಲಿ ನೋಟಕ್ಕೆ ಬಂದವು. ಬಟ್ಟೆಯಿಲ್ಲದ ಅಮೃತಶಿಲೆಯ ಮೈ ಸೌಂದರ್ಯದ ಆದರ್ಶವೆಂದು ಎಲ್ಲರೂ ಕೊಂಡಾಡುತ್ತಿದ್ದ ಕಾಲದಲ್ಲೇ ಬಟ್ಟೆ ತೊಟ್ಟ ಮೈಗೂ ಅಂಥ ಗೆರೆಗಳು ಬೇಕೆನಿಸಿದವು. ಅಮೆರಿಕದ ವಿದುಷಿ ಆನ್ ಹಾಲೆಂಡರ್ 1994ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಸಂಬಂಧವನ್ನು ವಿಸ್ತಾರವಾಗಿ ವಾದಿಸಿದ್ದಾರೆ.

ಈ ಹೊಸ ಕೋಟಿಗೆ ನಾಯಕನಾದವನು ಜಾರ್ಜ್ ಬ್ರಮೆಲ್. 1778ರಲ್ಲಿ ಹುಟ್ಟಿದ ಇವನಿಗೆ ಪದವಿಯಿರಲಿಲ್ಲ, ಸರದಾರರ ಕುಲವೂ ಇರಲಿಲ್ಲ. ಆದರೂ ಯುವರಾಜನೇ ಇವನನ್ನು ನೋಡಿ ಉಡುಪು ಕಲಿಯುತ್ತಿದ್ದ. ಬ್ರಮೆಲ್ಲನ ಕೋಟು ಗಾಢನೀಲಿಯದು, ಕಸೂತಿಯಿಲ್ಲದ್ದು. ಅದರಲ್ಲಿ ಮೆಚ್ಚುವುದಕ್ಕೆ ಕತ್ತರಿಯ ಗೆರೆಯ ಹೊರತು ಮತ್ತೇನೂ ಇರಲಿಲ್ಲ. ಸಿರಿಯನ್ನು ತೋರಿಸುವ ಕೋಟು ಹೋಗಿ ಮೈಯನ್ನು ತೋರಿಸುವ ಕೋಟು ಬಂದದ್ದು ಸಣ್ಣ ಮಾತಲ್ಲ. ಕಸೂತಿಯನ್ನು ಹಣ ಕೊಟ್ಟು ಕೊಳ್ಳಬಹುದು, ಒಪ್ಪವನ್ನು ಕೊಳ್ಳುವುದು ಕಷ್ಟ ಎಂಬ ಹೊಸ ಬಗೆಯ ಮೇಲು ಕೀಳು ಇದರೊಡನೆ ಹುಟ್ಟಿತು. ಬ್ರಮೆಲ್ ಮಾತ್ರ ಸಾಲದಲ್ಲಿ ಮುಳುಗಿ 1816ರಲ್ಲಿ ಫ್ರಾನ್ಸಿಗೆ ಓಡಿಹೋಗಿ, 1840ರಲ್ಲಿ ಕಾನ್ ಪಟ್ಟಣದಲ್ಲಿ ಬುದ್ಧಿ ಕೆಟ್ಟು ಸತ್ತ.

ಹೀಗೆ ಗೆರೆಯೇ ಮುಖ್ಯವಾದ ಮೇಲೆ ಅಳತೆಯ ರೀತಿಯೂ ಬದಲಾಗಬೇಕಾಯಿತು. 1769ರಲ್ಲಿ ಗಾರ್ಸೋ ಎಂಬ ಫ್ರೆಂಚ್ ಲೇಖಕ ದರ್ಜಿಯ ಕಸುಬನ್ನು ಕುರಿತು ಸಚಿತ್ರವಾದ ಪುಸ್ತಕ ಬರೆದ. ಅದರಲ್ಲಿ ಕಾಣುವ ದರ್ಜಿಯ ಕೈಯಲ್ಲಿ ಅಂಗುಲದ ಟೇಪಿಲ್ಲ, ಉದ್ದನೆಯ ಕಾಗದದ ಪಟ್ಟಿಯಿದೆ. ಗಿರಾಕಿಯ ಎದೆ, ತೋಳು, ಸೊಂಟಗಳಿಗೆ ಪಟ್ಟಿ ಹಿಡಿದು ಅಲ್ಲಲ್ಲಿ ಕತ್ತರಿಯಿಂದ ಕಚ್ಚು ಹಾಕಿಕೊಳ್ಳುತ್ತಿದ್ದರು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪಟ್ಟಿ. ಅವನ ಮೈಯ ಜಾತಕವೇ ಅದು. ಅದನ್ನು ಇನ್ನೊಬ್ಬನ ಪಟ್ಟಿಯೊಡನೆ ಹೋಲಿಸುವ ಅಗತ್ಯ ಯಾರಿಗೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂಗುಲ ಗುರುತಿನ ಟೇಪು ಬಂದ ಕೂಡಲೇ ಮೈ ಅಂಕಿಯಾಯಿತು. ಅಂಕಿಗಳನ್ನು ಹೋಲಿಸಬಹುದು, ಭಾಗಿಸಬಹುದು. ಎದೆಯ ಸುತ್ತಳತೆ ಇಷ್ಟಿದ್ದರೆ ಬೆನ್ನಿನ ಅಗಲ ಇಷ್ಟಿರಬೇಕೆಂದು ಸೂತ್ರ ಕಟ್ಟಬಹುದು. ವಾಂಪೆನ್ ಎಂಬ ಜರ್ಮನ್ ಗಣಿತಜ್ಞ 1830ರ ದಶಕದಲ್ಲಿ ಬಟ್ಟೆ ಕತ್ತರಿಸುವುದಕ್ಕೆ ಗಣಿತದ ಪದ್ಧತಿಯನ್ನೇ ರಚಿಸಿದ. ಸಿದ್ಧ ಉಡುಪಿನ ಬೀಜ ಇಲ್ಲಿದೆ. ಟೇಪು ಒಬ್ಬೊಬ್ಬರನ್ನು ನಿಖರವಾಗಿ ಅಳೆಯಿತು. ಅದೇ ಟೇಪು ಸರಾಸರಿ ಮನುಷ್ಯನೆಂಬ, ಎಲ್ಲಿಯೂ ಇಲ್ಲದ ಒಬ್ಬನನ್ನೂ ಹುಟ್ಟಿಸಿತು.

ಇನ್ನು ಆ ಸಣ್ಣ ಅಂಶಗಳ ವಿಚಾರ. ನಮ್ಮೂರಿನ ದರ್ಜಿಯೊಬ್ಬರು ನನಗೆ ಕೋಟಿನ ಅಳತೆ ತೆಗೆದುಕೊಳ್ಳುವಾಗ ಟೇಪು ಹಿಡಿಯುವುದಕ್ಕೆ ಮೊದಲು ಸುಮ್ಮನೆ ನನ್ನ ಹಿಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ‘ಮೇಷ್ಟ್ರೇ, ಪುಸ್ತಕದ ಚೀಲ ಬಲಗಡೆ ಹಾಕ್ತೀರಿ ಅಲ್ಲವೆ? ಆ ಹೆಗಲು ಕಾಲು ಅಂಗುಲ ಇಳಿದಿದೆ’ ಎಂದರು. ಇಳಿದ ಹೆಗಲಿನ ಒಳಗೆ ಹತ್ತಿಯ ಒಂದು ಪದರ ಹೆಚ್ಚಿಗೆ ಇಟ್ಟು ಸರಿಮಾಡಿದರು. ಇಪ್ಪತ್ತು ವರ್ಷದ ಅಧ್ಯಾಪನ ನನ್ನ ಮೈಮೇಲೆ ಬರೆದದ್ದನ್ನು ಆತ ಓದಿದ ರೀತಿಗೆ ಬೆರಗಾಗಿ ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಅಂದು ಕೇಳಿದ್ದನ್ನೂ ಅನಂತರ ಓದಿದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ತೋಳು ಬಂದು ಸೇರುವ ಕಂಕುಳ ಸುತ್ತು. ಇದು ದೊಡ್ಡದಾಗಿದ್ದಷ್ಟೂ ಕೈಯಾಡಿಸಲು ಸಲೀಸು ಎಂದು ಯಾರಿಗಾದರೂ ತೋರುತ್ತದೆ. ನಿಜ ಅದಕ್ಕೆ ವಿರುದ್ಧ. ಸುತ್ತು ದೊಡ್ಡದಾಗಿ ಕೆಳಗಿಳಿದರೆ ಕೈಯೆತ್ತಿದಾಗ ತೋಳು ಇಡೀ ಕೋಟನ್ನೇ ಮೇಲಕ್ಕೆಳೆಯುತ್ತದೆ. ಕಾಲರು ಕಿವಿಯ ಬಳಿಗೆ ಹೋಗುತ್ತದೆ. ಸುತ್ತು ಸಣ್ಣದಾಗಿ ಕಂಕುಳಿಗೆ ಹತ್ತಿರವಿದ್ದರೆ ತೋಳು ಮಾತ್ರ ಏಳುತ್ತದೆ, ಮೈ ಇದ್ದಲ್ಲೇ ಇರುತ್ತದೆ. ಬಿಗಿಯಲ್ಲಿ ಬಿಡುಗಡೆಯಿರುವ ಇಂಥ ಉದಾಹರಣೆ ಛಂದಸ್ಸನ್ನು ಪಾಠ ಹೇಳುವವನಿಗೆ ಪ್ರಿಯವಾಗದೆ ಇದ್ದೀತೆ? ತೋಳಿನ ತಲೆಯ ಸುತ್ತಳತೆ ಕಂಕುಳ ಸುತ್ತಿಗಿಂತ ಒಂದೆರಡು ಅಂಗುಲ ಹೆಚ್ಚಾಗಿರುತ್ತದೆ. ಆ ಹೆಚ್ಚಳವನ್ನು ನೆರಿಗೆ ಕಾಣದಂತೆ ಹೊಲಿಗೆಯೊಳಗೆ ಅಡಗಿಸಿ ಕೂಡಿಸುವುದು ನುರಿತ ಕೈಯ ಕೆಲಸ. ಭುಜದ ಮೂಳೆಯ ಉಬ್ಬಿಗೆ ಅಲ್ಲಿ ಜಾಗ ಸಿಕ್ಕುತ್ತದೆ.

ಎರಡನೆಯದು ಕಾಲರು. ಒಳ್ಳೆಯ ಕೋಟಿನ ಕಾಲರು ಕತ್ತಿನ ಹಿಂಭಾಗವನ್ನು ಬಿಡದೆ ಅಪ್ಪಿಕೊಂಡಿರುತ್ತದೆ. ಅದರ ಕೆಳಪದರವನ್ನು ನೇಯ್ಗೆಗೆ ಓರೆಯಾಗಿ ಕತ್ತರಿಸಿ, ಇಸ್ತ್ರಿಯಿಂದ ಅಂಚುಗಳನ್ನು ಹಿಗ್ಗಿಸಿ ಬಾಗಿಸಿರುತ್ತಾರೆ. ಕಾಲರಿಗೂ ಕತ್ತಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟರೆ, ಬಟ್ಟೆ ಎಷ್ಟೇ ಬೆಲೆಯದಾಗಿರಲಿ, ಕೋಟು ಬೇರೆಯವರದೆಂದು ಸಾರಿ ಹೇಳುತ್ತದೆ. ಎದೆಯ ಮೇಲೆ ಮಡಿಚಿಕೊಳ್ಳುವ ಅಂಚಿನ ಒಳಗೆ ಕುದುರೆಕೂದಲು ಸೇರಿಸಿ ನೇಯ್ದ ಗಟ್ಟಿ ಬಟ್ಟೆಯನ್ನಿಟ್ಟು ನೂರಾರು ಸಣ್ಣ ಹೊಲಿಗೆ ಹಾಕುತ್ತಾರೆ. ಹೊಲಿಯುವಾಗಲೇ ಅದನ್ನು ಬೆರಳಿನ ಮೇಲೆ ಬಾಗಿಸಿ ಹಿಡಿದಿರುವುದರಿಂದ ಆ ಬಾಗು ಶಾಶ್ವತವಾಗುತ್ತದೆ. ಮೆಷಿನ್ನು ಇಸ್ತ್ರಿಯಿಂದ ಒತ್ತಿದ ಮಡಿಕೆ ಕಾಗದದ ಮಡಿಕೆಯಂತೆ ಚಪ್ಪಟೆ. ಕೈಹೊಲಿಗೆಯ ಮಡಿಕೆ ಬಾಳೆಯ ಎಲೆ ಬಾಗಿದಂತೆ.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಹಿಂದು ಮುಂದುಗಳ ತೂಕ. ಬೆನ್ನು ಬಾಗಿದವನಿಗೆ ಹಿಂಭಾಗ ಉದ್ದವಿರಬೇಕು, ಮುಂಭಾಗ ಗಿಡ್ಡವಿರಬೇಕು. ಎದೆಯುಬ್ಬಿಸಿ ನಡೆಯುವವನಿಗೆ ಇದರ ತಿರುಗುಮುರುಗು. ಅರ್ಧ ಅಂಗುಲ ತಪ್ಪಿದರೆ ಬಾಗಿದವನ ಕೋಟಿನ ಹಿಂದಿನ ಅಂಚು ಮೇಲಕ್ಕೆದ್ದು ಅವನ ಗೂನನ್ನು ಊರಿಗೆಲ್ಲ ತೋರಿಸುತ್ತದೆ. ಸರಿಯಾದರೆ ಗೂನು ಮಾಯವಾಗುವುದಿಲ್ಲ; ಆದರೆ ಅದರ ಕಡೆ ಕಣ್ಣು ಹೋಗುವುದಿಲ್ಲ. ಗುಂಡಿಯ ಸ್ಥಾನವೂ ಹಾಗೆಯೇ. ಸೊಂಟದ ಸಹಜವಾದ ಸಣ್ಣ ಭಾಗದ ಹತ್ತಿರ ಗುಂಡಿಯಿದ್ದರೆ ಕಾಲು ಉದ್ದವಾಗಿ ಕಾಣುತ್ತದೆ. ಒಂದು ಅಂಗುಲ ಕೆಳಗಿಳಿದರೆ ಮನುಷ್ಯನೇ ಕುಳ್ಳನಾಗುತ್ತಾನೆ. ಇದನ್ನು ಮೋಸವೆನ್ನುವುದೋ ದಾಕ್ಷಿಣ್ಯವೆನ್ನುವುದೋ? ನಾನು ದಾಕ್ಷಿಣ್ಯವೆನ್ನುತ್ತೇನೆ. ಒಳ್ಳೆಯ ಗೆಳೆಯ ನಮ್ಮ ಕೊರತೆಯನ್ನು ಇಲ್ಲವೆಂದು ಹೇಳುವುದಿಲ್ಲ. ಅದನ್ನು ಮೊದಲು ಎತ್ತಿ ಆಡುವುದಿಲ್ಲ, ಅಷ್ಟೆ.

ಕೋಟಿನಲ್ಲಿ ಉಳಿದುಬಂದಿರುವ ಕೆಲವು ಅಂಶಗಳಿಗೆ ಈಗ ಕೆಲಸವಿಲ್ಲ. ಎಡ ಅಂಚಿನ ಮೇಲಿನ ಒಂಟಿ ಕಾಜ ಹಿಂದೆ ಚಳಿಗೆ ಕಾಲರೆತ್ತಿ ಗಂಟಲವರೆಗೆ ಗುಂಡಿ ಹಾಕುತ್ತಿದ್ದುದರ ಗುರುತು. ಆಮೇಲೆ ಅದು ಹೂವಿನ ಮನೆಯಾಯಿತು. ಹಿಂಭಾಗದ ಸೀಳು ಕುದುರೆ ಸವಾರಿಯ ನೆನಪು. ಭಾಷೆಯಲ್ಲಿ ಉಚ್ಚಾರ ಹೋಗಿ ಅಕ್ಷರ ಮಾತ್ರ ಉಳಿಯುವುದುಂಟಲ್ಲ, ಹಾಗೆ. ತೋಳಿನ ತುದಿಯ ಗುಂಡಿಗಳನ್ನು ಸೈನಿಕರು ಮೂಗೊರಸಿಕೊಳ್ಳದಿರಲೆಂದು ನೆಪೋಲಿಯನ್ ಹಚ್ಚಿಸಿದನೆಂಬ ಕಥೆಯಿದೆ. ಇದೇ ಕಥೆಯನ್ನು ಬೇರೆ ದೊರೆಗಳ ಮೇಲೂ ಹೇರುತ್ತಾರೆ. ಇದನ್ನು ನಗೆಯ ಕಥೆಯಾಗಿಯೇ ಇಟ್ಟುಕೊಳ್ಳುವುದು ಕ್ಷೇಮ.

ಆದರೆ ಕೆಲಸವಿಲ್ಲದ ಅಂಶಗಳನ್ನು ಜನ ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದಕ್ಕೆ ಎರಡನೆಯ ಮಹಾಯುದ್ಧದ ಸಾಕ್ಷ್ಯವಿದೆ. 1942ರಲ್ಲಿ ಬ್ರಿಟಿಷ್ ಸರ್ಕಾರ ಬಟ್ಟೆ ಉಳಿಸುವುದಕ್ಕಾಗಿ ಗಂಡಸರ ಕೋಟಿಗೆ ಕಾನೂನು ಮಾಡಿತು. ಎರಡು ಸಾಲು ಗುಂಡಿ ಕೂಡದು. ಮುಂದೆ ಮೂರೇ ಗುಂಡಿ, ಮೂರೇ ಜೇಬು. ತೋಳಿನಲ್ಲಿ ಗುಂಡಿಯೇ ಕೂಡದು. ಷರಾಯಿಯ ತುದಿಯನ್ನು ಹೊರಕ್ಕೆ ಮಡಿಚಕೂಡದು. ಬಾಂಬುಗಳನ್ನು ತಾಳಿಕೊಂಡ ಜನ ಈ ಮಡಿಕೆ ಹೋದದ್ದಕ್ಕೆ ಗೊಣಗಿದರು. ಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಗಂಡಸರ ಉಡುಪಿನ ಮೇಲಿನ ಈ ಕಟ್ಟುಗಳನ್ನು ಸಡಿಲಿಸಬೇಕಾಯಿತು.

ಇಪ್ಪತ್ತನೆಯ ಶತಮಾನದ ದೊಡ್ಡ ದರ್ಜಿಗಳು ಮಾಡಿದ್ದೂ ಸಣ್ಣ ಕೆಲಸಗಳನ್ನೇ. ಮುಂದೆ ವಿಂಡ್ಸರ್ ಡ್ಯೂಕನಾದ ಎಂಟನೆಯ ಎಡ್ವರ್ಡನ ದರ್ಜಿ ಫ್ರೆಡರಿಕ್ ಶೋಲ್ಟೆ ಹಾಲೆಂಡಿನವನು. ಸೇನಾಧಿಕಾರಿಗಳ ನಿಲುವಂಗಿಯಲ್ಲಿ ಎದೆಯ ಮೇಲೆ ಬಟ್ಟೆ ಧಾರಾಳವಾಗಿ ಬೀಳುವುದನ್ನು ಕಂಡು, ಸಾಮಾನ್ಯ ಕೋಟಿನ ಎದೆಯಲ್ಲೂ ಬೆನ್ನಿನ ಹಲಗೆಯ ಮೇಲೂ ಸ್ವಲ್ಪ ಬಟ್ಟೆಯನ್ನು ಹೆಚ್ಚಿಗೆ ಬಿಟ್ಟ. ಅಲ್ಲಿಯವರೆಗೆ ದೋಷವೆನಿಸಿದ್ದ ಸಡಿಲು ಮೆದುವಾದ ಗಾಂಭೀರ್ಯವಾಗಿ ಕಂಡಿತು. ಹೆಂಗಸರ ಕೋಟಿನಲ್ಲಿ 1947ರಲ್ಲಿ ಕ್ರಿಸ್ತಿಯಾನ್ ದಿಯೋರ್ ಸೊಂಟ ಹಿಡಿದು, ಕಟಿಯ ಒಳಗೆ ಹತ್ತಿ ತುಂಬಿ ಹೊಸ ಆಕಾರ ಕಟ್ಟಿದ. 1954ರಲ್ಲಿ ಮತ್ತೆ ಅಂಗಡಿ ತೆರೆದ ಕೊಕೊ ಶನೆಲ್ ಅದಕ್ಕೆ ಎದುರಾಡಿದಳು. ಅವಳ ಕೋಟಿನಲ್ಲಿ ಭುಜಕ್ಕೆ ದಿಂಬಿಲ್ಲ. ಕಂಕುಳ ಸುತ್ತು ಮೇಲಿದೆ. ಕೆಳ ಅಂಚಿನ ಒಳಗೆ, ಯಾರಿಗೂ ಕಾಣದಂತೆ, ಒಂದು ಸಣ್ಣ ಸರಪಣಿ ಹೊಲಿದಿದೆ. ಅದರ ಭಾರಕ್ಕೆ ಕೋಟು ನೆಟ್ಟಗೆ ಇಳಿಬೀಳುತ್ತದೆ, ತೊಟ್ಟವಳು ಹೇಗೆ ತಿರುಗಿದರೂ ಮತ್ತೆ ತನ್ನ ಜಾಗಕ್ಕೆ ಬರುತ್ತದೆ.

ಆದರೆ ಈ ಕಾಲು ಅಂಗುಲಗಳಿಗೆ ಇನ್ನೊಂದು ಮುಖವಿದೆ. 1888ರಲ್ಲಿ ಓದುವುದಕ್ಕೆಂದು ಲಂಡನ್ನಿಗೆ ಹೋದ ಗಾಂಧಿಯವರಿಗೆ ಮುಂಬಯಿಯಲ್ಲಿ ಹೊಲಿಸಿದ ಕೋಟು ಅಲ್ಲಿನ ಸಮಾಜಕ್ಕೆ ಸಲ್ಲದೆಂದು ತೋರಿತು. ಅವರು ಬೇರೆ ಬಟ್ಟೆ ಕೊಂಡರು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಸುರಿದು ಸಂಜೆಯ ಉಡುಪು ಹೊಲಿಸಿದರು. ಇದನ್ನು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಮುಂಬಯಿಯ ಕೋಟಿಗೂ ತೋಳಿತ್ತು, ಗುಂಡಿಯಿತ್ತು, ಕಾಲರಿತ್ತು. ಕತ್ತರಿಯ ಗೆರೆ ಬೇರೆಯಾಗಿತ್ತು, ಅಷ್ಟೆ. ಆ ಗೆರೆಯಲ್ಲಿ ಆಳುವವನೂ ಆಳಿಸಿಕೊಳ್ಳುವವನೂ ಬೇರೆಯಾಗುತ್ತಿದ್ದರು. 1921ರಲ್ಲಿ ಮಧುರೆಯಲ್ಲಿ ಅವರು ತುಂಡು ಪಂಚೆಯನ್ನು ಕೈಕೊಂಡರು; 1931ರಲ್ಲಿ ಅದನ್ನೇ ಉಟ್ಟು ಬಕಿಂಗ್‌ಹ್ಯಾಮ್ ಅರಮನೆಗೆ ಹೋದರು. ಅಲ್ಲಿ ತೀರ್ಪು ಹೇಳುವುದಕ್ಕೆ ಕಾಲರೇ ಇರಲಿಲ್ಲ.

ಎಲ್ಲರೂ ಆ ದಾರಿ ಹಿಡಿಯಲಾರರು. ಹಳೆಯ ಮೈಸೂರಿನ ಅಧ್ಯಾಪಕರು, ಅಮಲ್ದಾರರು, ವಕೀಲರು ನಡುದಾರಿ ಕಂಡುಕೊಂಡರು. ತಲೆಗೆ ಪೇಟ, ಕೆಳಗೆ ಕಚ್ಚೆಪಂಚೆ, ನಡುವೆ ಕ್ಲೋಸ್ ಕಾಲರ್ ಕೋಟು. ನಮ್ಮ ಕಾಲೇಜುಗಳ ಹಳೆಯ ಗುಂಪುಚಿತ್ರಗಳಲ್ಲಿ ಇದನ್ನು ಈಗಲೂ ನೋಡಬಹುದು. ಕತ್ತಿನವರೆಗೆ ಗುಂಡಿಯಿರುವುದರಿಂದ ಟೈ ಬೇಕಿಲ್ಲ, ಒಳಗಿನ ಅಂಗಿ ಹಳೆಯದಾದರೂ ಮರ್ಯಾದೆಗೆ ಕುಂದಿಲ್ಲ. ಕಚ್ಚೆಯ ನೆರಿಗೆಗಳು ಸೊಂಟದಲ್ಲಿ ಉಬ್ಬುವುದರಿಂದ ಕೋಟು ಅಲ್ಲಿ ಹಿಡಿಯದೆ, ಎದೆಯಿಂದ ನೇರವಾಗಿ ಇಳಿದು ಆ ಉಬ್ಬನ್ನು ಮರೆಸಬೇಕು. ಲಂಡನ್ನಿನ ಸೂತ್ರಗಳಲ್ಲಿ ಪಂಚೆಗೆ ಲೆಕ್ಕವಿರಲಿಲ್ಲ. ಇಲ್ಲಿನ ದರ್ಜಿಗಳು ಆ ಲೆಕ್ಕವನ್ನು ಕೈಯಿಂದಲೇ ಹಾಕಿಕೊಂಡರು. ಸಣ್ಣ ಸಂಬಳದ ಮೇಷ್ಟರನ್ನು ಗಂಭೀರವಾಗಿ ನಿಲ್ಲಿಸಿದ ಪುಣ್ಯದಲ್ಲಿ ಅವರಿಗೂ ಪಾಲಿದೆ.

ಆ ಕೈಗಳಿಗೆ ಚರಿತ್ರೆಯಲ್ಲಿ ಹೆಸರಿಲ್ಲ. ಬ್ರಮೆಲ್ಲನ ಹೆಸರು ಉಳಿಯಿತು. ಅವನ ಕೋಟಿನ ಒಳಹೊಲಿಗೆ ಹಾಕಿದವನದು ಉಳಿಯಲಿಲ್ಲ. 1849 ಮತ್ತು 1850ರಲ್ಲಿ ಹೆನ್ರಿ ಮೇಹ್ಯೂ ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ ವರದಿಗಳಲ್ಲಿ ದರ್ಜಿಗಳ ಹಸಿವು ಹೊರಬಿತ್ತು. ಅದನ್ನೋದಿ ಕುದಿದ ಚಾರ್ಲ್ಸ್ ಕಿಂಗ್‌ಸ್ಲಿ 1850ರಲ್ಲಿ ಅಗ್ಗದ ಉಡುಪಿನ ಹಿಂದಿನ ಕ್ರೌರ್ಯವನ್ನು ಕುರಿತು ಕಿರುಹೊತ್ತಗೆಯನ್ನೂ, ದರ್ಜಿಯೇ ನಾಯಕನಾದ ‘ಆಲ್ಟನ್ ಲಾಕ್’ ಎಂಬ ಕಾದಂಬರಿಯನ್ನೂ ಬರೆದ. ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಸೂಜಿಕಾಯಕದ ರಾಮಿತಂದೆಯೆಂಬ ಶರಣ ಕಸುಬನ್ನೇ ಹೆಸರಾಗಿ ಹೊತ್ತು ವಚನಕಾರನಾದುದನ್ನು ಇಲ್ಲಿ ನೆನೆಯಬೇಕು.

ದರ್ಜಿಯ ಮನಸ್ಸನ್ನು ಹೊಕ್ಕು ನೋಡಿದವನು ರಷ್ಯದ ಗೊಗೊಲ್. 1842ರಲ್ಲಿ ಪ್ರಕಟವಾದ ಅವನ ‘ನಿಲುವಂಗಿ’ ಎಂಬ ಕಥೆಯಲ್ಲಿ ಬಡ ಗುಮಾಸ್ತ ಊಟ ಬಿಟ್ಟು ಹಣ ಕೂಡಿಸಿ ಹೊಸ ನಿಲುವಂಗಿ ಹೊಲಿಸುತ್ತಾನೆ. ಕಾಲರಿಗೆ ಬೆಲೆಯುಳ್ಳ ತುಪ್ಪಳ ಹಾಕಲು ಶಕ್ತಿಯಿಲ್ಲದೆ, ದೂರದಿಂದ ಅದೇ ಎನ್ನಿಸುವಂಥ ಬೆಕ್ಕಿನ ತುಪ್ಪಳ ಹಾಕಿಸುತ್ತಾನೆ. ಅಂಗಿ ತಂದುಕೊಟ್ಟ ದರ್ಜಿ ಪೆಟ್ರೊವಿಚ್ ಮನೆಗೆ ಹೋಗುವುದಿಲ್ಲ. ಬೀದಿಯಲ್ಲಿ ನಿಂತು ಹಿಂದಿನಿಂದ ನೋಡುತ್ತಾನೆ. ಸಾಲದೆ, ಅಡ್ಡ ಓಣಿಯಲ್ಲಿ ಸುತ್ತಿಹೋಗಿ ತನ್ನ ಕೆಲಸವನ್ನು ಮುಂದಿನಿಂದಲೂ ನೋಡುತ್ತಾನೆ. ಲೋಕದಲ್ಲಿ ಯಾರೂ ಕಣ್ಣೆತ್ತಿ ನೋಡದ ಆ ಗುಮಾಸ್ತನನ್ನು ಅಷ್ಟು ಅಕ್ಕರೆಯಿಂದ ಎರಡು ಕಡೆಯಿಂದಲೂ ನೋಡಿದವನು ಅವನೊಬ್ಬನೇ ಎಂದು ನನಗೆ ಅನೇಕ ಸಲ ತೋರಿದೆ.

ಈಗ ಕೋಟುಗಳು ಸಿದ್ಧವಾಗಿಯೇ ಬರುತ್ತವೆ, ಎದೆಯಳತೆಯ ಅಂಕಿ ಹೊತ್ತು ಸಾಲಾಗಿ ತೂಗುತ್ತವೆ. ಅವು ಅಗ್ಗವಾದದ್ದು ಒಳ್ಳೆಯದೇ ಆಯಿತು. ಮದುವೆಯ ದಿನವಾದರೂ ಒಂದು ಕೋಟು ಹಾಕಬೇಕೆನ್ನುವ ಬಡವರ ಮಗನಿಗೆ ಅದು ಸಿಗುವಂತಾಯಿತು. ಆದರೆ ಆ ಕೋಟುಗಳು ಹೊಲಿದಿರುವುದು ಸರಾಸರಿ ಮನುಷ್ಯನಿಗೆ. ಅವನ ಎರಡು ಹೆಗಲೂ ಸಮ, ಅವನೆಂದೂ ಚೀಲ ಹೊತ್ತವನಲ್ಲ. ಹಾಗೆ ಕೊಂಡವರು ಅದನ್ನು ಓಣಿಯ ದರ್ಜಿಯ ಬಳಿಗೆ ಒಯ್ದು ಒಮ್ಮೆ ತೊಟ್ಟು ತೋರಿಸಬೇಕೆಂದು ನನ್ನ ಆಸೆ. ತೋಳನ್ನು ಅರ್ಧ ಅಂಗುಲ ಏರಿಸುವುದಕ್ಕೆ, ಕಾಲರನ್ನು ಬಿಚ್ಚಿ ಕತ್ತಿಗೆ ಕೂಡಿಸುವುದಕ್ಕೆ ಆತ ಕೇಳುವುದು ಹೆಚ್ಚಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಆತ ನಮ್ಮ ಹಿಂದೆ ನಿಂತಿರುವ ಅಷ್ಟು ಹೊತ್ತು ನಮ್ಮ ಮೈ ಹೇಗಿದೆಯೋ ಹಾಗೆಯೇ ಅದನ್ನು ಒಪ್ಪಿಕೊಂಡಿರುತ್ತಾನೆ. ಕೋಟು ಒಪ್ಪುವುದು ಆಮೇಲಿನ ಮಾತು.